ಸ್ಕಿಜೋಫ್ರೇನಿಯಾ ಮತ್ತು ಮೆದುಳಿನ ಉರಿಯೂತ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ, ಇಲ್ಲದ ದನಿ ಕೇಳ್ಸೋ, ಇಲ್ಲದ ಸಂಶಯ ಕಾಡೋ ಮನಸ್ಸಿನ ಕಾಯಿಲೆ. ಅವನನ್ನ ನೋಡ್ಕೊಳ್ತಾ ಇದ್ದ ಹಾಗೇ ಇದೇ ಕಷ್ಟದಲ್ಲಿರೋ ಬೇರೆ ಮನೆಯವರ ಪರಿಚಯ ಆಗ್ತಾ ಹೋಯ್ತು, ಆಸ್ಪತ್ರೆ ಬೆಂಚ್ ಮೇಲೆ, ಫೋನಲ್ಲಿ, ವಾಟ್ಸಾಪಲ್ಲಿ. ಈಚೆಗೆ ಎಲ್ಲರೂ ಉರಿಯೂತದ ಬಗ್ಗೆ ಕೇಳ್ತಿದ್ದಾರೆ, ಯಾಕಂದ್ರೆ ಯಾರೋ ಒಂದು ವಿಡಿಯೋ ಕಳಿಸಿರ್ತಾರೆ, ಇನ್ಯಾರೋ ಇದಕ್ಕೆ ಹೊಸ ಔಷಧಿ ಬಂದಿದೆ ಅಂದಿರ್ತಾರೆ. ನಾನು ಡಾಕ್ಟರ್ ಅಲ್ಲ. ಓದಿ, ಡಾಕ್ಟರ್‌ಗಳನ್ನ ಬಿಡದೆ ಕೇಳಿ ತಿಳ್ಕೊಂಡಿದ್ದನ್ನ ಬರೀತಿದೀನಿ, ಯಾವುದು ಗಟ್ಟಿ ವಿಷಯ ಯಾವುದು ಇನ್ನೂ ಅಂದಾಜು ಅಂತ ಬಿಡಿಸಿ ಹೇಳಿದೀನಿ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ.

## ಮೊದಮೊದಲು ಕೇಳೋದು

ಮೆದುಳಲ್ಲಿ ಉರಿಯೂತ ಅಂದ್ರೆ ಏನು, ಮೆದುಳು ಊದ್ಕೊಂಡಿರತ್ತಾ?

ಸ್ಕಿಜೋಫ್ರೇನಿಯಾದಲ್ಲಿ ಆ ಥರ ಊತ ಇರಲ್ಲ. ನಾವು ಮೆದುಳು ಜ್ವರ ಅಂತೀವಲ್ಲ, ಜಪಾನೀಸ್ ಎನ್ಸೆಫಲೈಟಿಸ್, ಅದರಲ್ಲಿ ನಿಜವಾಗ್ಲೂ ಮೆದುಳು ಊದ್ಕೊಂಡು ಜ್ವರ, ಫಿಟ್ಸ್, ಪ್ರಜ್ಞೆ ತಪ್ಪೋದು ಎಲ್ಲಾ ಆಗತ್ತೆ. ಇಲ್ಲಿ ಹೇಳ್ತಿರೋದು ತುಂಬಾ ಸಣ್ಣ ಮಟ್ಟದ, ವರ್ಷಗಟ್ಟಲೆ ಇರಬಹುದಾದ ಒಂದು ಚಟುವಟಿಕೆ. ಮೆದುಳಿಗೆ ಅದರದ್ದೇ ಆದ ರಕ್ಷಣಾ ಕೋಶಗಳಿವೆ, ಮೈಕ್ರೋಗ್ಲಿಯಾ ಅಂತ, 1919ರಲ್ಲಿ ಸ್ಪೇನ್‌ನ ಪಿಯೊ ದೆಲ್ ರಿಯೊ ಒರ್ತೆಗಾ ಗುರುತಿಸಿದ್ದು. ಸೋಂಕು ಬಂದ್ರೆ ಎದುರಿಸೋದು, ಸತ್ತ ಕೋಶ ತೆಗೆದು ಹಾಕೋದು, ನರಕೋಶಗಳ ನಡುವಿನ ಬೇಡದ ಕನೆಕ್ಷನ್ ಕತ್ತರಿಸೋದು ಇವೆಲ್ಲ ಅವುಗಳ ಕೆಲಸ. ಜೊತೆಗೆ ಸೈಟೊಕೈನ್ ಅನ್ನೋ ಪ್ರೋಟೀನ್‌ಗಳಿವೆ, ಒಂದು ಕೋಶ ಇನ್ನೊಂದಕ್ಕೆ ಅಪಾಯ ಇದೆ ಅಂತ ತಿಳಿಸೋದು ಇದರ ಮೂಲಕ, ಇಂಟರ್‌ಲ್ಯೂಕಿನ್-6 ಅಂತ ರಿಪೋರ್ಟ್‌ಗಳಲ್ಲಿ ನೋಡಿರಬಹುದು. ಈ ಕೋಶಗಳು, ಈ ಪ್ರೋಟೀನ್‌ಗಳು ಹದ ತಪ್ಪಿದ್ರೆ ಮೆದುಳಿನ ಕೆಲಸ ಕೆಡಬಹುದಾ ಅನ್ನೋದೇ ಇಡೀ ಪ್ರಶ್ನೆ.

ಹಾಗಾದ್ರೆ ಸ್ಕಿಜೋಫ್ರೇನಿಯಾ ಅಂದ್ರೆ ಮೆದುಳಿನ ಉರಿಯೂತಾನೇ ಅನ್ನಬಹುದಾ?

ಅನ್ನಕ್ಕಾಗಲ್ಲ. ಈ ಕಾಯಿಲೆ ಇರೋ ಎಷ್ಟೋ ಜನರಲ್ಲಿ ಉರಿಯೂತದ ಯಾವ ಗುರುತೂ ಸಿಗಲ್ಲ, ಕೆಲವರಲ್ಲಿ ಮಾತ್ರ ಸ್ಪಷ್ಟವಾಗಿ ಸಿಗತ್ತೆ. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ದಾರಿಯಲ್ಲಿ ಬಂದ ಕಾಯಿಲೆಗಳು ಸೇರ್ಕೊಂಡಿರಬಹುದು, ಅದರಲ್ಲಿ ಒಂದು ದಾರಿ ಉರಿಯೂತದ್ದು ಅಂತ ತುಂಬಾ ಜನ ಸಂಶೋಧಕರು ಯೋಚಿಸ್ತಾರೆ, ನನಗೂ ಅದೇ ಸರಿ ಅನ್ಸತ್ತೆ.

ಡೋಪಮಿನ್ ಜಾಸ್ತಿ ಆಗಿ ಬರೋದು ಅಂತ ನಮ್ಮ ಡಾಕ್ಟರ್ ಹೇಳಿದ್ರು, ಈಗ ಅದು ಸುಳ್ಳಾ?

ಸುಳ್ಳಲ್ಲ. ಡೋಪಮಿನ್ ಅಂದ್ರೆ ನರಕೋಶಗಳ ನಡುವೆ ಸಂದೇಶ ಸಾಗಿಸೋ ಒಂದು ರಾಸಾಯನಿಕ. 1950ರ ದಶಕದ ಕ್ಲೋರ್‌ಪ್ರೊಮಜಿನ್‌ನಿಂದ ಹಿಡಿದು ಇವತ್ತಿನ ರಿಸ್ಪೆರಿಡೋನ್, ಒಲಾಂಜಪಿನ್ ತನಕ ಹೆಚ್ಚುಕಮ್ಮಿ ಎಲ್ಲಾ ಮಾತ್ರೆಗಳೂ ಡೋಪಮಿನ್ ಮೇಲೇ ಕೆಲಸ ಮಾಡೋದು, ಕಿವಿಯಲ್ಲಿ ದನಿ ಕೇಳ್ಸೋದು, ಯಾರೋ ಹಿಂದೆ ಬಿದ್ದಿದ್ದಾರೆ ಅನ್ನೋ ಸಂಶಯ ಇಂಥದ್ದೆಲ್ಲ ತುಂಬಾ ಜನಕ್ಕೆ ಅದರಿಂದ ಕಮ್ಮಿ ಆಗತ್ತೆ. ಆದ್ರೆ ಮಂಕಾಗಿ ಕೂತಿರೋದು, ಸ್ನಾನ ಊಟ ಯಾವುದರಲ್ಲೂ ಮನಸ್ಸಿಲ್ಲದೇ ಇರೋದು, ಮಾತು ಕಮ್ಮಿ ಆಗೋದು, ಓದಿದ್ದು ತಲೆಗೆ ಹತ್ತದೇ ಇರೋದು, ಇದಕ್ಕೆ ಆ ಮಾತ್ರೆಗಳು ಅಷ್ಟಾಗಿ ನಾಟಲ್ಲ. ಡೋಪಮಿನ್ ಯಾಕೆ ಏರುಪೇರಾಯ್ತು ಅನ್ನೋ ಪ್ರಶ್ನೆನೂ ಹಾಗೇ ಉಳಿಯತ್ತೆ. ಉರಿಯೂತದ ಸಂಶೋಧನೆ ಡೋಪಮಿನ್ ಕಥೇನ ಅಳಿಸಲ್ಲ, ಅದರ ಹಿಂದೆ ಏನು ನಡೀತು ಅಂತ ಹುಡುಕತ್ತೆ.

ಈ ಉರಿಯೂತದ ವಿಷಯ ಈಗ ಹೊಸದಾಗಿ ಕಂಡುಹಿಡಿದಿದ್ದಾ?

ಅನುಮಾನ ಹಳೇದೇ, ಟೆಸ್ಟ್ ಮಾಡಕ್ಕೆ ಬೇಕಾದ ಉಪಕರಣ ಹೊಸದು. ನೂರು ವರ್ಷಕ್ಕೂ ಹಿಂದೆ ಯುರೋಪ್, ಅಮೆರಿಕದ ಹುಚ್ಚಾಸ್ಪತ್ರೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರ್ತಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ಸಿಫಿಲಿಸ್ ಮೆದುಳಿಗೆ ಏರಿ ಬುದ್ಧಿ ಕೆಟ್ಟಿರ್ತಿತ್ತು, ಆದ್ರೆ ಅದು ಸೋಂಕು ಅಂತ ಖಚಿತ ಆಗಿರಲಿಲ್ಲ. 1913ರಲ್ಲಿ ಜಪಾನ್ ಮೂಲದ ಸಂಶೋಧಕ ನೊಗುಚಿ ಆ ರೋಗಿಗಳ ಮೆದುಳಲ್ಲೇ ಸಿಫಿಲಿಸ್‌ನ ರೋಗಾಣು ತೋರಿಸಿಕೊಟ್ರು. ಆಸ್ಟ್ರಿಯಾದ ವಾಗ್ನರ್-ಯೌರೆಗ್ ಅನ್ನೋ ಡಾಕ್ಟರ್ ಆ ರೋಗಿಗಳಿಗೆ ಬೇಕಂತಲೇ ಮಲೇರಿಯಾ ಜ್ವರ ಬರಿಸಿ ಚಿಕಿತ್ಸೆ ಮಾಡಿದ್ರು, ಅದಕ್ಕೆ 1927ರಲ್ಲಿ ನೊಬೆಲ್ ಕೂಡ ಸಿಕ್ತು, ಆಮೇಲೆ ಪೆನ್ಸಿಲಿನ್ ಬಂದು ಆ ಕಾಯಿಲೆಯೇ ಹೆಚ್ಚುಕಮ್ಮಿ ವಾರ್ಡ್‌ಗಳಿಂದ ಕಾಣೆಯಾಯ್ತು. ಇನ್ನೊಂದು ಕಡೆ 1918ರ ಇನ್‌ಫ್ಲುಯೆಂಜಾ ಮಹಾಮಾರಿ ಆದ್ಮೇಲೆ ಬಾಸ್ಟನ್‌ನಲ್ಲಿ ಕಾರ್ಲ್ ಮೆನಿಂಜರ್ ಅನ್ನೋ ಡಾಕ್ಟರ್ ಜ್ವರದ ಜೊತೆ ಮನಸ್ಸು ಕದಡಿದ 100 ಜನರ ಬಗ್ಗೆ ಬರೆದ್ರು, ಅದರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಆಗಿನ ಕಾಲದ ಲೆಕ್ಕದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಡಯಾಗ್ನೋಸಿಸ್. ಅವರಲ್ಲಿ ಹೆಚ್ಚಿನವರು ಆಮೇಲೆ ಚೇತರಿಸ್ಕೊಂಡ್ರು ಅಂತಲೂ ಮೆನಿಂಜರ್ ಅವರೇ ಬರೆದ್ರು. ಈ ಚೇತರಿಕೆ ವಿಷಯ ಓದಿದಾಗ ನನಗೆ ತುಂಬಾ ಮುಖ್ಯ ಅನ್ನಿಸ್ತು, ಹೊರಗಿಂದ ನೋಡಕ್ಕೆ ಒಂದೇ ಥರ ಕಾಣೋ ಕಾಯಿಲೆಯ ಒಳಗಿನ ಕಾರಣ ಬೇರೆ ಆಗಿರಬಹುದು, ಅದರ ಮುಂದಿನ ದಾರಿಯೂ ಬೇರೆ ಆಗಿರಬಹುದು.

## ಯಾಕೆ ಬಂತು ಅಂತ ಕೇಳೋದು

ಅಕ್ಕಾರ, ನಮ್ಮ ಹುಡುಗಗ ಜ್ವರ ಬಂದು ಹೋದ ಮ್ಯಾಲೇನ ಇದು ಶುರು ಆತು, ಜ್ವರಾನ ಕಾರಣ ಏನ್ರಿ?

ಒಂದು ಜ್ವರದಿಂದಲೇ ಬಂತು ಅಂತ ಒಬ್ಬರ ವಿಷಯದಲ್ಲಿ ಹೇಳಕ್ಕೆ ಆಗಲ್ಲ. ದೊಡ್ಡ ಗುಂಪಿನಲ್ಲಿ ಲೆಕ್ಕ ಹಾಕಿದ್ರೆ ಸಂಬಂಧ ಕಾಣತ್ತೆ. ಡೆನ್ಮಾರ್ಕ್‌ನಲ್ಲಿ ದೇಶದ ಎಲ್ಲರ ಆಸ್ಪತ್ರೆ ದಾಖಲೆ ಒಂದೇ ಕಡೆ ಇರತ್ತೆ, ಅದನ್ನ ಇಟ್ಕೊಂಡು 2011ರಲ್ಲಿ ಬಂದ ಸ್ಟಡಿ ಪ್ರಕಾರ ಸೋಂಕಿಗೆ ಆಸ್ಪತ್ರೆ ಸೇರಿದ್ದವರಲ್ಲಿ ಸ್ಕಿಜೋಫ್ರೇನಿಯಾ ಬರೋ ಸಾಧ್ಯತೆ ಶೇ. 60 ಜಾಸ್ತಿ, ಆಟೊಇಮ್ಯೂನ್ ಕಾಯಿಲೆ (ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿ ಬೀಳೋದು) ಇದ್ದವರಲ್ಲಿ ಶೇ. 29 ಜಾಸ್ತಿ, ಎರಡೂ ಇದ್ದವರಲ್ಲಿ ಎರಡೂಕಾಲು ಪಟ್ಟು. ಕೇಳಕ್ಕೆ ದೊಡ್ಡದಾಗಿದೆ, ಆದ್ರೆ ಈ ಕಾಯಿಲೆ ನೂರರಲ್ಲಿ ಒಬ್ಬರಿಗೂ ಬರೋದು ಕಷ್ಟ, ಅದು ಶೇ. 60 ಏರಿದ್ರೂ ಸೋಂಕು ಬಂದವರಲ್ಲಿ ಬಹುಪಾಲು ಜನಕ್ಕೆ ಏನೂ ಆಗಲ್ಲ. ಇನ್ನೊಂದು ಮಾತು, ಸ್ಕಿಜೋಫ್ರೇನಿಯಾ ಪೂರ್ತಿ ಕಾಣಿಸ್ಕೊಳ್ಳೋಕೆ ಮುಂಚೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ಹುಡುಗರು ಒಳಗೊಳಗೇ ಬದಲಾಗ್ತಾ ಇರ್ತಾರೆ, ನಿದ್ದೆ ಕೆಡತ್ತೆ, ಗೆಳೆಯರನ್ನ ಬಿಡ್ತಾರೆ, ಓದು ಹಿಂದೆ ಬೀಳತ್ತೆ. ಮನೆಯವರಿಗೆ ಜ್ವರದ ದಿನ ನೆನಪಿರತ್ತೆ, ಅದಕ್ಕೆ ಮುಂಚಿನ ಆ ನಿಧಾನದ ಬದಲಾವಣೆ ನೆನಪಿರಲ್ಲ. ಕೂತು ಯೋಚನೆ ಮಾಡಿ, ಅದಕ್ಕಿಂತ ಮುಂಚೆ ಹುಡುಗ ಹೇಗಿದ್ದ ಅಂತ, ಮತ್ತೆ ಡಾಕ್ಟರ್‌ಗೆ ಎರಡನ್ನೂ ಹೇಳಿ.

ಆದ್ರೆ ಜ್ವರ, ತಲೆನೋವು ಬಂದು ಕೆಲವೇ ವಾರದಲ್ಲಿ ಚೆನ್ನಾಗಿದ್ದ ಮನುಷ್ಯ ಪೂರ್ತಿ ಬದಲಾದ್ರೆ ಅದು ಬೇರೆ ವಿಷಯ, ಅದಕ್ಕೆ ಕೆಳಗೆ ಬೇರೆ ಉತ್ತರ ಬರೆದಿದೀನಿ.

ನಾನು ಬಸುರಿ ಇದ್ದಾಗ ಜೋರು ಜ್ವರ ಬಂದಿತ್ತು, ನನ್ನಿಂದಲೇ ಮಗನಿಗೆ ಹೀಗಾಯ್ತಾ?

ಇಲ್ಲಮ್ಮ. ಈ ಪ್ರಶ್ನೆನ ತಾಯಂದಿರು ಗಟ್ಟಿಯಾಗಿ ಕೇಳಲ್ಲ, ಎಲ್ಲರೂ ಎದ್ದು ಹೋದ ಮೇಲೆ ಕೈ ಹಿಡ್ಕೊಂಡು ಕೇಳ್ತಾರೆ, ಅದಕ್ಕೇ ಉದ್ದಕ್ಕೆ ಹೇಳ್ತೀನಿ.

ಈ ಯೋಚನೆ ಬಂದಿದ್ದು ಎಲ್ಲಿಂದ ಅಂದ್ರೆ, 1957ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿ ಇನ್‌ಫ್ಲುಯೆಂಜಾ ಹಬ್ಬಿತ್ತು, ಆಗ ನಾಲ್ಕರಿಂದ ಆರು ತಿಂಗಳ ಗರ್ಭದಲ್ಲಿದ್ದವರಲ್ಲಿ ದೊಡ್ಡವರಾದ ಮೇಲೆ ಸ್ಕಿಜೋಫ್ರೇನಿಯಾ ಸ್ವಲ್ಪ ಜಾಸ್ತಿ ಕಂಡಿತು ಅಂತ 1988ರಲ್ಲಿ ಸಾರ್ನೊಫ್ ಮೆಡ್ನಿಕ್ ಮತ್ತೆ ಜೊತೆಗಾರರು ಬರೆದ್ರು. ಆಮೇಲೆ ಬೇರೆ ದೇಶಗಳಲ್ಲಿ ನೋಡಿದಾಗ ಕೆಲವು ಕಡೆ ಹೌದು ಅಂತ ಬಂತು, ಕೆಲವು ಕಡೆ ಇಲ್ಲ ಅಂತ ಬಂತು. ಇಲಿಗಳ ಮೇಲಿನ ಪ್ರಯೋಗ ಇನ್ನೂ ಸ್ಪಷ್ಟ: ಗಬ್ಬದ ಇಲಿಗೆ ವೈರಸ್ ಕೊಡದೇ ಬರೀ ವೈರಸ್ ಬಂದಿದೆ ಅಂತ ದೇಹಕ್ಕೆ ಭ್ರಮೆ ಹುಟ್ಟಿಸೋ ವಸ್ತು ಚುಚ್ಚಿದ್ರೂ ಮರಿಗಳ ನಡವಳಿಕೆ ಬದಲಾಗತ್ತೆ, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಾಲ್ ಪ್ಯಾಟರ್ಸನ್ ಅವರ ತಂಡ 2007ರಲ್ಲಿ ಇಂಟರ್‌ಲ್ಯೂಕಿನ್-6 ಅನ್ನ ತಡೆದಾಗ ಆ ಬದಲಾವಣೆ ತಪ್ಪಿತು ಅಂತ ತೋರಿಸಿದ್ರು. ಅಂದ್ರೆ ತೊಂದರೆ ಕೊಡೋದು ರೋಗಾಣುಗಿಂತ ಹೆಚ್ಚಾಗಿ ತಾಯಿ ದೇಹದ ಪ್ರತಿಕ್ರಿಯೆ ಇರಬಹುದು.

ಈಗ ನಿಮ್ಮ ವಿಷಯ. ಬಸುರಿ ಇದ್ದಾಗ ಜ್ವರ ಬರದೇ ಇರೋ ಹೆಂಗಸರು ಎಷ್ಟು ಜನ ಇದ್ದಾರೆ ಹೇಳಿ? ಅವರ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಜನಕ್ಕೆ ಈ ಕಾಯಿಲೆ ಬರಲ್ಲ. ಜ್ವರ ಯಾರೂ ಬೇಕು ಅಂತ ತರಿಸ್ಕೊಳ್ಳಲ್ಲ. ಒಂದು ಕಾಲದಲ್ಲಿ ತಾಯಿ ಪ್ರೀತಿ ಕೊಡಲಿಲ್ಲ ಅದಕ್ಕೇ ಮಗುಗೆ ಸ್ಕಿಜೋಫ್ರೇನಿಯಾ ಬಂತು ಅಂತ ಡಾಕ್ಟರ್‌ಗಳೇ ಹೇಳ್ತಿದ್ರು, ಆ ಮಾತು ಸುಳ್ಳು ಅಂತ ಸಾಬೀತಾಗಿ ಎಷ್ಟೋ ಕಾಲ ಆಯ್ತು. ಅದೇ ಅಪವಾದನ ಈಗ ಜ್ವರದ ಹೆಸರಲ್ಲಿ ತಾಯಿ ತಲೆಗೆ ಕಟ್ಟಬಾರದು, ಮನೆಯವರು ಕಟ್ಟಿದ್ರೆ ಈ ಉತ್ತರ ಅವರಿಗೆ ಓದಿ ಹೇಳಿ.

ವಂಶದಲ್ಲೇ ಇದೆ ಅಂತಾರಲ್ಲ, ಜೀನ್‌ಗೂ ಉರಿಯೂತಕ್ಕೂ ಏನು ಸಂಬಂಧ?

ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಗಟ್ಟಿ ಅನ್ಸೋ ಸಾಕ್ಷಿ ಇದೇ. 2014ರಲ್ಲಿ ಬೇರೆ ಬೇರೆ ದೇಶದವರು ಸೇರಿ ಸ್ಕಿಜೋಫ್ರೇನಿಯಾಗೆ ಸಂಬಂಧಪಟ್ಟ 108 ಜಾಗಗಳನ್ನ ನಮ್ಮ ಡಿಎನ್‌ಎಯಲ್ಲಿ ಗುರುತಿಸಿದ್ರು, 2022ರ ಹೊತ್ತಿಗೆ ಅದು 287 ಆಯ್ತು. ಒಂದೇ ಜೀನ್ ಅಂತ ಇಲ್ಲ, ಒಂದೊಂದರದ್ದೂ ಚೂರು ಚೂರು ಪಾಲು. ಅದರಲ್ಲಿ ಎಲ್ಲಕ್ಕಿಂತ ಎದ್ದು ಕಂಡ ಜಾಗ 6ನೇ ಕ್ರೋಮೋಸೋಮ್‌ನ ಎಂಎಚ್‌ಸಿ ಅನ್ನೋ ಭಾಗ, ಅದು ಮೆದುಳಿನ ಜಾಗ ಅಂತ ಹೆಸರಾಗಿದ್ದಲ್ಲ, ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳು ಗುಂಪಾಗಿರೋ ಜಾಗ.

2016ರಲ್ಲಿ ಬಾಸ್ಟನ್‌ನ ಸ್ಟೀವನ್ ಮೆಕ್ಯಾರೊಲ್, ಬೆತ್ ಸ್ಟೀವನ್ಸ್ ಮತ್ತೆ ಅವರ ಜೊತೆಗಾರರು ಆ ಜಾಗದಲ್ಲಿ ಸಿ4 ಅನ್ನೋ ಜೀನ್ ಮೇಲೆ ಬೆರಳಿಟ್ರು. ಸಿ4 ಪ್ರೋಟೀನ್‌ನ ಮಾಮೂಲಿ ಕೆಲಸ ರಕ್ತದಲ್ಲಿ ರೋಗಾಣು ಮೇಲೆ ಗುರುತು ಹಾಕೋದು, ಇದನ್ನ ತಿಂದು ಹಾಕಿ ಅಂತ. ಮೆದುಳಲ್ಲಿ ಅದೇ ಥರದ ಗುರುತು ನರಕೋಶಗಳ ನಡುವಿನ ಕನೆಕ್ಷನ್ ಮೇಲೆ ಬೀಳತ್ತೆ, ಗುರುತು ಬಿದ್ದಿದ್ದನ್ನ ಮೈಕ್ರೋಗ್ಲಿಯಾ ನುಂಗಿಬಿಡತ್ತೆ. ಮಗು ಹುಟ್ಟಿದಾಗ ಈ ಕನೆಕ್ಷನ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಇರ್ತವೆ, ಹದಿಹರೆಯದಲ್ಲಿ ಬೇಡದ್ದು ಕಮ್ಮಿ ಆಗ್ತಾ ಹೋಗೋದು ಎಲ್ಲರಲ್ಲೂ ಸಹಜ. ಸಿ4ಎ ಅನ್ನೋ ರೂಪ ಜಾಸ್ತಿ ತಯಾರಾಗೋರಲ್ಲಿ ಈ ಕತ್ತರಿಸೋದು ಅತಿಯಾಗತ್ತಾ ಅನ್ನೋದು ಅವರ ಅನುಮಾನ, ಸಿ4 ಇಲ್ಲದ ಇಲಿಗಳಲ್ಲಿ ಕತ್ತರಿಸೋದು ಕಮ್ಮಿ ಆಗಿದ್ದು ಅವರಿಗೆ ಕಾಣಿಸ್ತು. ಸ್ಕಿಜೋಫ್ರೇನಿಯಾ ಯಾಕೆ ಸಾಮಾನ್ಯವಾಗಿ ಕಾಲೇಜು ವಯಸ್ಸಲ್ಲೇ ಶುರು ಆಗತ್ತೆ ಅನ್ನೋ ಹಳೇ ಪ್ರಶ್ನೆಗೂ ಇದು ಹೊಂದತ್ತೆ. ಇಲ್ಲಿ ಒಂದು ಗಮನಿಸಿ, ಇದರಲ್ಲಿ ಮುಳ್ಳು ಚುಚ್ಚಿದಾಗ ಆಗೋ ಥರದ ಉರಿಯೂತ ಇಲ್ಲವೇ ಇಲ್ಲ, ರಕ್ಷಣಾ ವ್ಯವಸ್ಥೆಯ ಭಾಗಗಳು ಬೇರೆ ಕೆಲಸಕ್ಕೆ ಬಳಕೆ ಆಗ್ತಿವೆ ಅಷ್ಟೇ. ಅದಕ್ಕೇ ಉರಿಯೂತ ಇಳಿಸೋ ಮಾತ್ರೆ ಕೊಟ್ರೆ ಇದು ಸರಿಹೋಗತ್ತೆ ಅಂತ ಲೆಕ್ಕ ಹಾಕಕ್ಕಾಗಲ್ಲ. ಸಿ4ಎ ಜಾಸ್ತಿ ಇದ್ರೂ ಅಪಾಯ ಏರೋದು ಸುಮಾರು 1.3 ಪಟ್ಟು ಮಾತ್ರ, ಹಾಗಾಗಿ ಇದನ್ನ ಟೆಸ್ಟ್ ಮಾಡಿಸಿ ಮಗಳಿಗೆ ಗಂಡು ಹುಡುಕೋದು, ಬಿಡೋದು ಅಂತೆಲ್ಲ ಯೋಚನೆನೇ ಮಾಡ್ಬೇಡಿ.

ಬೆಕ್ಕು ಸಾಕಿದ್ರೆ ಬರತ್ತೆ ಅಂತ ಓದ್ದೆ, ಮನೆ ಬೆಕ್ಕನ್ನ ಬಿಟ್ಟು ಬರ್ಬೇಕಾ?

ಬೇಡ. ಬೆಕ್ಕಿನ ಮಲದಲ್ಲಿ, ಸರಿಯಾಗಿ ಬೇಯದ ಮಾಂಸದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಇರಬಹುದು, ಸ್ಕಿಜೋಫ್ರೇನಿಯಾ ಇರೋರ ರಕ್ತದಲ್ಲಿ ಅದರ ಆಂಟಿಬಾಡಿ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಸಿಗತ್ತೆ, ಅಷ್ಟಕ್ಕೇ ಅದು ಕಾರಣ ಅಂತ ಆಗಲ್ಲ. ಮಾಂಸ ಚೆನ್ನಾಗಿ ಬೇಯಿಸಿ, ಮಣ್ಣು ಮುಟ್ಟಿದ ಮೇಲೆ ಕೈ ತೊಳೀರಿ, ಬಸುರಿಯರು ಬೆಕ್ಕಿನ ಮಲ ತೆಗೆಯೋ ಕೆಲಸ ಬೇರೆಯವರಿಗೆ ಬಿಡಿ.

## ಟೆಸ್ಟ್ ಬಗ್ಗೆ ಕೇಳೋದು

ಬ್ಲಡ್ ಟೆಸ್ಟಲ್ಲಿ ಸಿಆರ್‌ಪಿ ಜಾಸ್ತಿ ಬಂದಿದೆ, ಮೆದುಳಲ್ಲಿ ಉರಿಯೂತ ಇದೆ ಅಂತಾನಾ?

ಅಲ್ಲ. ಸಿಆರ್‌ಪಿ ಅಂದ್ರೆ ಉರಿಯೂತ ಇದ್ದಾಗ ರಕ್ತದಲ್ಲಿ ಏರೋ ಒಂದು ಪ್ರೋಟೀನ್, ಅದು ಇಡೀ ದೇಹದ ಲೆಕ್ಕ ಹೇಳತ್ತೆ, ಹಲ್ಲಿನ ವಸಡು ಊದಿದ್ರೂ ಏರತ್ತೆ, ನೆಗಡಿ ಬಂದ್ರೂ ಏರತ್ತೆ, ಹೊಟ್ಟೆ ಸುತ್ತ ಬೊಜ್ಜು ಇದ್ರೆ, ಬೀಡಿ ಸಿಗರೇಟು ಸೇದ್ತಿದ್ರೆ ಯಾವಾಗ್ಲೂ ಸ್ವಲ್ಪ ಮೇಲೇ ಇರತ್ತೆ. ಈ ಕಾಯಿಲೆ ಇರೋರಲ್ಲಿ ಸಿಗರೇಟು ಜಾಸ್ತಿ, ಒಲಾಂಜಪಿನ್ ಥರದ ಮಾತ್ರೆಯಿಂದ ತೂಕನೂ ಏರಿರತ್ತೆ. ಗುಂಪಾಗಿ ನೋಡಿದ್ರೆ ಸ್ಕಿಜೋಫ್ರೇನಿಯಾ ಇರೋರ ರಕ್ತದಲ್ಲಿ ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ಜಾಸ್ತಿ ಅನ್ನೋದು ಮತ್ತೆ ಮತ್ತೆ ಸಿಕ್ಕಿದೆ, ಇನ್ನೂ ಮಾತ್ರೆನೇ ಶುರು ಮಾಡದ ಹೊಸ ರೋಗಿಗಳಲ್ಲೂ ಸಿಕ್ಕಿದೆ, ಹಾಗಾಗಿ ಎಲ್ಲಾ ಬರೀ ಮಾತ್ರೆಯ ಪರಿಣಾಮ ಅಂತ ತಳ್ಳಿಹಾಕಕ್ಕೂ ಆಗಲ್ಲ. ಆದ್ರೆ ಒಬ್ಬ ವ್ಯಕ್ತಿಯ ರಿಪೋರ್ಟ್ ಹಿಡ್ಕೊಂಡು ಸ್ಕಿಜೋಫ್ರೇನಿಯಾ ಇದೆ ಇಲ್ಲ ಅಂತ ಹೇಳೋ ಬ್ಲಡ್ ಟೆಸ್ಟ್ ಇವತ್ತಿಗೂ ಇಲ್ಲ, ಇದೆ ಅಂತ ಪ್ಯಾಕೇಜ್ ಮಾರೋರಿಗೆ ದುಡ್ಡು ಕೊಡ್ಬೇಡಿ.

ಸ್ಕ್ಯಾನ್ ಮಾಡಿದ್ರೆ ಉರಿಯೂತ ಕಾಣಲ್ವಾ?

ಮಾಮೂಲಿ ಎಂಆರ್‌ಐನಲ್ಲಿ ಈ ಸಣ್ಣ ಮಟ್ಟದ್ದು ಕಾಣಲ್ಲ. ಸಂಶೋಧನೆಗೆ ಪೆಟ್ ಸ್ಕ್ಯಾನ್ ಬಳಸ್ತಾರೆ, ಮೈಕ್ರೋಗ್ಲಿಯಾದಲ್ಲಿರೋ ಟಿಎಸ್‌ಪಿಒ ಅನ್ನೋ ಪ್ರೋಟೀನ್‌ಗೆ ಅಂಟ್ಕೊಳ್ಳೋ ವಿಕಿರಣ ವಸ್ತು ಚುಚ್ಚಿ ಎಲ್ಲೆಲ್ಲಿ ಹೊಳೆಯತ್ತೆ ಅಂತ ನೋಡ್ತಾರೆ. ಮೊದಲ ಸ್ಟಡಿಗಳಲ್ಲಿ ಜಾಸ್ತಿ ಹೊಳೀತು, ಎಲ್ಲರಿಗೂ ಉತ್ಸಾಹ ಬಂತು. ಆಮೇಲೆ 2018ರಲ್ಲಿ ಬೇರೆ ಬೇರೆ ಕೇಂದ್ರಗಳ ಡೇಟಾ ಒಟ್ಟು ಮಾಡಿ ನೋಡಿದ್ರೆ ರೋಗಿಗಳಲ್ಲಿ ಜಾಸ್ತಿ ಇರೋದಿರ್ಲಿ, ಕಮ್ಮಿ ಬಂತು. ಈ ಪ್ರೋಟೀನ್ ಬೇರೆ ಕೋಶಗಳಲ್ಲೂ ಇದೆ, ರಕ್ತನಾಳದ ಗೋಡೆಯಲ್ಲೂ ಇದೆ, ಒಬ್ಬೊಬ್ಬರ ಜೀನ್ ಪ್ರಕಾರ ಆ ವಸ್ತು ಅಂಟ್ಕೊಳ್ಳೋ ಪ್ರಮಾಣವೂ ಬೇರೆ. ಉರಿಯೂತನ ಜೀವಂತ ಮೆದುಳಲ್ಲಿ ನೇರವಾಗಿ ಅಳೆಯೋ ಒಳ್ಳೆ ದಾರಿ ಇನ್ನೂ ಸಿಕ್ಕಿಲ್ಲ, ಇಡೀ ಕ್ಷೇತ್ರ ನಿಧಾನ ಆಗಿರೋದಕ್ಕೆ ಇದೇ ದೊಡ್ಡ ಕಾರಣ ಅಂತ ನನಗನ್ಸತ್ತೆ.

ಒಂದು ವಿಡಿಯೋದಲ್ಲಿ ಹುಡುಗೀಗೆ ಹುಚ್ಚು ಅಂದ್ಕೊಂಡಿದ್ರು, ಆಮೇಲೆ ಮೆದುಳಿನ ಬೇರೆ ಕಾಯಿಲೆ ಅಂತ ಗೊತ್ತಾಗಿ ವಾಸಿ ಆದ್ಲು, ನಮ್ಮ ಕೇಸೂ ಹಾಗೇ ಇರಬಹುದಾ?

ಅದು ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಇರ್ಬೇಕು. ದಯವಿಟ್ಟು ಈ ಉತ್ತರ ಪೂರ್ತಿ ಓದಿ, ಯಾಕಂದ್ರೆ ಇಲ್ಲಿ ತಡ ಮಾಡಿದ್ರೆ ಜೀವಕ್ಕೇ ಅಪಾಯ.

2007ರಲ್ಲಿ ಜೋಸೆಪ್ ದಾಲ್ಮಾವ್ ಮತ್ತೆ ಅವರ ತಂಡ ಇದನ್ನ ವಿವರಿಸಿದ್ರು. ದೇಹ ತನ್ನದೇ ಮೆದುಳಿನ ಎನ್‌ಎಂಡಿಎ ರಿಸೆಪ್ಟರ್ (ನರಕೋಶ ಸಂದೇಶ ಹಿಡಿಯೋ ಜಾಗ) ಮೇಲೆ ಆಂಟಿಬಾಡಿ ತಯಾರು ಮಾಡತ್ತೆ. ಕೆಟಮಿನ್ ಔಷಧಿ ತಡೆಯೋದೂ ಇದೇ ರಿಸೆಪ್ಟರನ್ನ, ಅದನ್ನ ಕೊಟ್ಟಾಗ ಆರೋಗ್ಯವಂತರಿಗೂ ಸ್ವಲ್ಪ ಹೊತ್ತು ಸ್ಕಿಜೋಫ್ರೇನಿಯಾ ಥರದ ಅನುಭವ ಆಗತ್ತೆ, ಹಾಗಾಗಿ ಈ ಆಂಟಿಬಾಡಿಯಿಂದ ಮನಸ್ಸು ಕೆಡೋದು ಅರ್ಥ ಆಗತ್ತೆ. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ ಬರತ್ತೆ, ಕೆಲವರಿಗೆ ಅಂಡಾಶಯದಲ್ಲಿ ಟೆರಟೋಮಾ ಅನ್ನೋ ಗಡ್ಡೆ ಇರತ್ತೆ, ಅದೇ ಇದನ್ನ ಹೊತ್ತಿಸಿರತ್ತೆ.

ಇದು ಬರೋ ರೀತಿ ನೋಡಿ. ಮೊದಲು ಜ್ವರ, ತಲೆನೋವು ಬಂದು ಹೋಗಿರತ್ತೆ. ಕೆಲವೇ ದಿನ ಅಥವಾ ವಾರದಲ್ಲಿ ನಿದ್ದೆ ಇಲ್ಲ, ಸಂಬಂಧ ಇಲ್ಲದ ಮಾತು, ಭಯ, ಕೂಗಾಟ. ಮನೆಯವರು ಗಾಳಿ ಸೋಕಿದೆ ಅಂತ ದೇವಸ್ಥಾನಕ್ಕೋ ದರ್ಗಾಕ್ಕೋ ಕರ್ಕೊಂಡು ಹೋಗ್ತಾರೆ, ಇಲ್ಲಾ ನೇರ ಮಾನಸಿಕ ವಾರ್ಡ್‌ಗೆ ಬರ್ತಾರೆ. ಆಮೇಲೆ ಫಿಟ್ಸ್ ಬರಬಹುದು, ಬಾಯಿ ಏನೋ ಜಗಿಯೋ ಥರ ತಾನಾಗೇ ಆಡ್ತಾ ಇರತ್ತೆ, ನಾಲಿಗೆ ಹೊರಳತ್ತೆ, ಕೈ ಒಂದೇ ಭಂಗಿಯಲ್ಲಿ ಸೆಟೆದು ನಿಲ್ಲತ್ತೆ, ಮಾತು ನಿಂತೇ ಹೋಗತ್ತೆ, ಬಿಪಿ ಮತ್ತೆ ಎದೆಬಡಿತ ಏರಿಳಿಯತ್ತೆ, ಉಸಿರಾಟದ ತೊಂದರೆ ಆಗಿ ಐಸಿಯು ಬೇಕಾಗಬಹುದು. ಮನೋರೋಗದ ಮಾತ್ರೆ ಸ್ವಲ್ಪ ಕೊಟ್ರೂ ಮೈ ಬಿಗಿಯಾಗಿ ಜ್ವರ ಏರೋದೂ ಒಂದು ಸೂಚನೆ. ಇವುಗಳಲ್ಲಿ ಯಾವುದನ್ನ ಕಂಡ್ರೂ ಡಾಕ್ಟರ್‌ಗೆ ಎನ್ಸೆಫಲೈಟಿಸ್ ಇರಬಹುದಾ ಅಂತ ಬಾಯಿಬಿಟ್ಟು ಕೇಳಿ, ಮೊಬೈಲಲ್ಲಿ ಆ ಬಾಯಿ ಆಡಿಸೋದರ ಒಂದು ಸಣ್ಣ ವಿಡಿಯೋ ಮಾಡ್ಕೊಂಡು ಹೋಗಿ ತೋರಿಸಿ. ಇಇಜಿ, ಎಂಆರ್‌ಐ, ಬೆನ್ನುಮೂಳೆಯ ಸಂದಿಯಿಂದ ತೆಗೆದ ನೀರಿನಲ್ಲಿ ಆಂಟಿಬಾಡಿ ಟೆಸ್ಟ್ ಮಾಡಿ ಖಚಿತ ಮಾಡ್ತಾರೆ. ಬೆನ್ನಿಂದ ನೀರು ತೆಗೆದ್ರೆ ಲಕ್ವ ಹೊಡೆಯತ್ತೆ ಅಂತ ಹೆದರಿಸ್ತಾರೆ, ಸೂಜಿ ಹಾಕೋದು ಬೆನ್ನುಹುರಿ ಮುಗಿದ ಕೆಳಗಿನ ಜಾಗಕ್ಕೆ, ಆಮೇಲೆ ಕೆಲವರಿಗೆ ಒಂದೆರಡು ದಿನ ತಲೆನೋವು ಬರೋದುಂಟು.

ಚಿಕಿತ್ಸೆ ಸ್ಟೆರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಿಸೋದು, ಬೇಕಾದ್ರೆ ರಿಟುಕ್ಸಿಮ್ಯಾಬ್, ಗಡ್ಡೆ ಇದ್ರೆ ಆಪರೇಷನ್. 577 ಜನರನ್ನ ನೋಡಿದ ದೊಡ್ಡ ವರದಿಯಲ್ಲಿ ಎರಡು ವರ್ಷದ ಹೊತ್ತಿಗೆ ಹತ್ತರಲ್ಲಿ ಎಂಟು ಜನ ಚೆನ್ನಾಗಿ ಚೇತರಿಸ್ಕೊಂಡಿದ್ರು, ಬೇಗ ಶುರು ಮಾಡಿದವರು ಇನ್ನೂ ಚೆನ್ನಾಗಿ.

ನಮ್ಮ ಅಣ್ಣನಿಗೆ ಹತ್ತು ವರ್ಷದಿಂದ ಇದೆ, ಈಗ ಬೆನ್ನಿನ ನೀರು ಟೆಸ್ಟ್ ಮಾಡಿಸ್ಬೇಕಾ?

ನಿಧಾನಕ್ಕೆ ಶುರುವಾಗಿ, ವರ್ಷಗಳಿಂದ ಒಂದೇ ದಾರೀಲಿ ಬಂದಿದ್ದು, ಫಿಟ್ಸ್, ವಿಚಿತ್ರ ಚಲನೆ, ಪ್ರಜ್ಞೆ ಮಂಕಾಗೋದು ಯಾವುದೂ ಇಲ್ಲ ಅಂದ್ರೆ ಸಾಮಾನ್ಯವಾಗಿ ಅಗತ್ಯ ಬೀಳಲ್ಲ. ಎನ್‌ಎಂಡಿಎ ಎನ್ಸೆಫಲೈಟಿಸ್‌ನಲ್ಲಿ ಬರೀ ಮಾನಸಿಕ ಲಕ್ಷಣ ಮಾತ್ರ ಇದ್ದು ಬೇರೇನೂ ಇಲ್ಲದ ಸಂದರ್ಭ ಸುಮಾರು ಶೇ. 4 ಅಷ್ಟೇ. ಆದ್ರೆ ಶುರುವಿನಲ್ಲಿ ಅಂಥ ಲಕ್ಷಣ ಇತ್ತು, ಆಗ ಯಾರೂ ನೋಡಲಿಲ್ಲ ಅನ್ಸಿದ್ರೆ ಹಳೇ ಡಿಸ್‌ಚಾರ್ಜ್ ಸಮ್ಮರಿ ಹುಡುಕಿ ತಗೊಂಡು ಹೋಗಿ ತೋರಿಸಿ.

## ಔಷಧಿ ಬಗ್ಗೆ ಕೇಳೋದು

ಉರಿಯೂತ ಇಳಿಸೋ ಮಾತ್ರೆ ಇದ್ಯಲ್ಲ ಆಸ್ಪಿರಿನ್, ಬ್ರೂಫೆನ್, ಅದನ್ನೇ ಕೊಟ್ರೆ ಆಗಲ್ವಾ?

ಪ್ರಯತ್ನ ಪಟ್ಟಿದ್ದಾರೆ, ನಿರಾಸೆಯೇ ಜಾಸ್ತಿ. ಆಸ್ಪಿರಿನ್: 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 70 ಜನಕ್ಕೆ ಮಾಮೂಲಿ ಮಾತ್ರೆ ಜೊತೆ ಕೊಟ್ಟಾಗ ಸ್ವಲ್ಪ ಸುಧಾರಣೆ ಕಂಡಿತ್ತು, ಆಮೇಲಿನ ದೊಡ್ಡ ಟ್ರಯಲ್‌ನಲ್ಲಿ ಸಿಗಲಿಲ್ಲ. ಮಿನೋಸೈಕ್ಲಿನ್: ಮೊಡವೆಗೆ ಕೊಡೋ ಆಂಟಿಬಯಾಟಿಕ್, ಮೈಕ್ರೋಗ್ಲಿಯಾನ ಶಾಂತ ಮಾಡತ್ತೆ ಅಂತ ನಂಬಿಕೆ, ಬ್ರೆಜಿಲ್ ಮತ್ತೆ ಪಾಕಿಸ್ತಾನದಲ್ಲಿ ನಡೆದ ಟ್ರಯಲ್‌ನಲ್ಲಿ ಮಂಕುತನ ಕಮ್ಮಿ ಆಯ್ತು ಅಂತ ಬಂದಿತ್ತು, ಅದೇ ಭರವಸೆ ಮೇಲೆ ಬ್ರಿಟನ್‌ನಲ್ಲಿ 207 ಜನಕ್ಕೆ ಒಂದು ವರ್ಷ ಕೊಟ್ಟು ನೋಡಿದ್ರು, 2018ರಲ್ಲಿ ರಿಸಲ್ಟ್ ಬಂತು, ಏನೂ ಉಪಯೋಗ ಆಗಲಿಲ್ಲ. ಇಂಟರ್‌ಲ್ಯೂಕಿನ್-6 ಅನ್ನೇ ತಡೆಯೋ ಟೊಸಿಲಿಜುಮ್ಯಾಬ್ ಸಣ್ಣ ಟ್ರಯಲ್‌ನಲ್ಲಿ ಕೆಲಸ ಮಾಡಲಿಲ್ಲ.

ಮನೇಲಿ ನೀವೇ ಆಸ್ಪಿರಿನ್, ಬ್ರೂಫೆನ್ ದಿನಾ ಕೊಡೋದು ಅಪಾಯ, ಹೊಟ್ಟೆ ಹುಣ್ಣಾಗಿ ರಕ್ತ ಹೋಗತ್ತೆ, ಕಿಡ್ನಿಗೆ ಪೆಟ್ಟು. ಲಿಥಿಯಂ ತಗೊಳ್ತಿರೋರು ಬ್ರೂಫೆನ್ ತಗೊಂಡ್ರೆ ರಕ್ತದಲ್ಲಿ ಲಿಥಿಯಂ ಏರಿ ವಿಷ ಆಗಬಹುದು, ಇದನ್ನ ಮೆಡಿಕಲ್ ಶಾಪ್‌ನವರು ಕೇಳದೇನೇ ಕೊಟ್ಬಿಡ್ತಾರೆ.

ಅರಿಶಿನ, ಮೀನೆಣ್ಣೆ ಕ್ಯಾಪ್ಸೂಲ್ ಕೊಟ್ರೆ ಆಗ್ತದಾ?

ಅಡುಗೆಗೆ ಅರಿಶಿನ ಹಾಕಿ, ಮೀನು ತಿನ್ನೋರು ಧಾರಾಳ ತಿನ್ನಿ, ಅದನ್ನೇ ಔಷಧಿ ಅಂತ ನಂಬ್ಕೊಂಡು ಕೂರಬೇಡಿ. ಮೀನೆಣ್ಣೆಯ ಒಮೆಗಾ-3 ಬಗ್ಗೆ 2010ರಲ್ಲಿ ವಿಯೆನ್ನಾದಿಂದ ಒಳ್ಳೆ ಸುದ್ದಿ ಬಂದಿತ್ತು, ಕಾಯಿಲೆ ಬರೋ ಲಕ್ಷಣ ಇರೋ ಹುಡುಗರಿಗೆ ಕೊಟ್ಟಾಗ ಕಾಯಿಲೆಗೆ ತಿರುಗಿದವರು ಕಮ್ಮಿ ಅಂತ. ಹಲವು ದೇಶಗಳಲ್ಲಿ ಅದನ್ನೇ ಮತ್ತೆ ಮಾಡಿ 2017ರಲ್ಲಿ ನೋಡಿದಾಗ ವ್ಯತ್ಯಾಸ ಸಿಗಲಿಲ್ಲ. ನಿಜವಾಗಿ ದೇಹದ ಉರಿಯೂತ ಇಳಿಸೋದು ದಿನಾ ನಡೆಯೋದು, ಸಿಗರೇಟು ಕಮ್ಮಿ ಮಾಡೋದು, ತೂಕ ಮತ್ತೆ ಶುಗರ್ ಹಿಡಿತದಲ್ಲಿ ಇಡೋದು, ಹಲ್ಲು ನೋಡ್ಕೊಳ್ಳೋದು. ಈ ಕಾಯಿಲೆ ಇರೋರು ಎಷ್ಟೋ ಜನ ಹೃದಯದ ತೊಂದರೆಯಿಂದ ಬೇಗ ಹೋಗ್ಬಿಡ್ತಾರೆ, ಹಾಗಾಗಿ ಮನಸ್ಸಿಗೆ ಎಷ್ಟು ಉಪಯೋಗ ಆಯ್ತು ಬಿಟ್ಟು ಇದನ್ನೆಲ್ಲ ಮಾಡಲೇಬೇಕು.

ಕ್ಲೋಜಪಿನ್ ತಗೊಳ್ತಿದ್ದಾನೆ, ಜ್ವರ ಬಂದ್ರೆ ಡಾಕ್ಟರ್ ಯಾಕೆ ಅಷ್ಟು ಗಾಬರಿ ಆಗ್ತಾರೆ?

ಬೇರೆ ಮಾತ್ರೆಗಳು ನಾಟದಿದ್ದಾಗ ಕೊಡೋ ಔಷಧಿ ಕ್ಲೋಜಪಿನ್. ಗಾಬರಿಗೆ ಎರಡು ಕಾರಣ. ಒಂದು, ಕ್ಲೋಜಪಿನ್‌ನಿಂದ ಅಪರೂಪಕ್ಕೆ ಬಿಳಿ ರಕ್ತಕಣ ಕುಸಿಯತ್ತೆ, ಜ್ವರ ಗಂಟಲುನೋವೇ ಅದರ ಮೊದಲ ಗುರುತಾಗಬಹುದು, ಅವತ್ತೇ ರಕ್ತಕಣ ಎಣಿಸಿ ನೋಡ್ಬೇಕು. ಎರಡನೇದು ತುಂಬಾ ಮನೆಗಳಿಗೆ ಗೊತ್ತಿರಲ್ಲ: ಜೋರು ಸೋಂಕು ಇದ್ದಾಗ ಉರಿಯೂತದಿಂದಾಗಿ ಲಿವರ್ ಕ್ಲೋಜಪಿನ್ ಕರಗಿಸೋದು ನಿಧಾನ ಆಗತ್ತೆ, ಅದೇ ಡೋಸ್ ತಗೊಂಡ್ರೂ ರಕ್ತದಲ್ಲಿ ಪ್ರಮಾಣ ಏರತ್ತೆ, ಜೊಲ್ಲು ಸುರಿಯೋದು, ತೂಗಾಡೋದು, ವಿಪರೀತ ನಿದ್ದೆ, ಫಿಟ್ಸ್ ತನಕ ಹೋಗಬಹುದು. ಜ್ವರಕ್ಕೆ ಆಸ್ಪತ್ರೆ ಸೇರಿ ಅಲ್ಲಿ ಸಿಗರೇಟೂ ನಿಂತುಹೋದ್ರೆ ಇನ್ನೂ ಏರತ್ತೆ, ಯಾಕಂದ್ರೆ ಸಿಗರೇಟಿನ ಹೊಗೆ ಆ ಔಷಧಿನ ಬೇಗ ಕರಗಿಸ್ತಿರತ್ತೆ. ಶುರು ಮಾಡಿದ ಮೊದಲ ಕೆಲವು ವಾರದಲ್ಲಿ ಜ್ವರ, ಎದೆನೋವು, ಎದೆಬಡಿತ ಬಂದ್ರೆ ಹೃದಯದ ಸ್ನಾಯುವಿನ ಉರಿಯೂತನೂ ಇರಬಹುದು. ಡೋಸ್ ನೀವೇ ನಿಲ್ಲಿಸ್ಬೇಡಿ, ಅವತ್ತೇ ಫೋನ್ ಮಾಡಿ.

ಮೂಲ ಕಾರಣ ಉರಿಯೂತ ಅಂದ್ಮೇಲೆ ಈಗಿನ ಮಾತ್ರೆ ಬಿಟ್ಬಿಡ್ಬೋದಲ್ವಾ?

ಖಂಡಿತ ಬೇಡ. ಮಾತ್ರೆ ನಿಲ್ಲಿಸಿದ ಮೇಲೆ ಕಾಯಿಲೆ ತಿರುಗಿ ಬರೋದು ತುಂಬಾ ಸಾಮಾನ್ಯ, ತಿರುಗಿ ಬಂದಾಗ ಮುಂಚಿನಷ್ಟು ಬೇಗ ಹತೋಟಿಗೆ ಬರದೇ ಇರಬಹುದು. ಅಡ್ಡ ಪರಿಣಾಮ ತಡೆಯಕ್ಕಾಗ್ತಿಲ್ಲ ಅಂದ್ರೆ ಮಾತ್ರೆ ಬದಲಿಸಿ ಅಂತ ಜಗಳ ಮಾಡಿಯಾದ್ರೂ ಕೇಳಿ. ಊರಲ್ಲಿ ಮನೋವೈದ್ಯರಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

## ಸ್ವಲ್ಪ ಆಳಕ್ಕೆ ಹೋಗಿ ಕೇಳೋದು

ಉರಿಯೂತದಿಂದ ಕಾಯಿಲೆನೋ, ಕಾಯಿಲೆಯಿಂದ ಉರಿಯೂತನೋ?

ಇದಕ್ಕೆ ಉತ್ತರ ಹುಡುಕಕ್ಕೆ ಕಾಯಿಲೆ ಬರೋಕೆ ಮುಂಚಿನ ರಕ್ತ ಬೇಕು. ಇಂಗ್ಲೆಂಡ್‌ನ ಬ್ರಿಸ್ಟಲ್ ಸುತ್ತಮುತ್ತ ಹುಟ್ಟಿದ ಸಾವಿರಾರು ಮಕ್ಕಳನ್ನ ಹುಟ್ಟಿನಿಂದ ಗಮನಿಸ್ತಾ ಬಂದಿದ್ದಾರೆ, ಅವರಲ್ಲಿ 9ನೇ ವಯಸ್ಸಲ್ಲಿ ಇಂಟರ್‌ಲ್ಯೂಕಿನ್-6 ಜಾಸ್ತಿ ಇದ್ದ ಮಕ್ಕಳಿಗೆ 18ರಲ್ಲಿ ಸೈಕೋಸಿಸ್ (ಇಲ್ಲದ ದನಿ ಕೇಳ್ಸೋದು, ಇಲ್ಲದ್ದನ್ನ ನಂಬೋದು) ಬಂದಿದ್ದು ಕಮ್ಮಿ ಇದ್ದವರಿಗಿಂತ ಸುಮಾರು ಎರಡು ಪಟ್ಟು ಅಂತ 2014ರಲ್ಲಿ ಗೋಲಂ ಖಂಡಕರ್ ಮತ್ತಿತರರು ಬರೆದ್ರು. ಅಂದ್ರೆ ಕಾಯಿಲೆಗಿಂತ ಉರಿಯೂತ ಮುಂಚೆ. ಆದ್ರೆ ಜೀನ್ ಆಧಾರದ ಲೆಕ್ಕ ಹಾಕಿದಾಗ ತಲೆಕೆಳಗಾದ ಒಂದು ಫಲಿತಾಂಶ ಬಂತು, ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರೋ ಜೀನ್ ಉಳ್ಳವರಿಗೆ ಸ್ಕಿಜೋಫ್ರೇನಿಯಾ ಅಪಾಯ ಚೂರು ಕಮ್ಮಿ. ಬಹುಶಃ ಸಣ್ಣ ವಯಸ್ಸಲ್ಲಿ ಸೋಂಕನ್ನ ಬೇಗ ಹತ್ತಿಕ್ಕೋ ದೇಹ ಮೆದುಳನ್ನ ಕಾಪಾಡತ್ತೆ ಅಂತ ಒಂದು ಊಹೆ. ರುಮಟಾಯ್ಡ್ ಆರ್ತ್ರೈಟಿಸ್ ಕೂಡ ಈ ಕಾಯಿಲೆ ಇರೋರಲ್ಲಿ ಬೇರೆಯವರಿಗಿಂತ ಕಮ್ಮಿ, ಬಾಕಿ ಆಟೊಇಮ್ಯೂನ್ ಕಾಯಿಲೆಗಳು ಎಷ್ಟೋ ಜಾಸ್ತಿ ಇರುವಾಗ ಇದೊಂದು ಯಾಕೆ ಹೀಗೆ ಅನ್ನೋದು ಬಹಳ ಹಳೇ ಒಗಟು. ಉರಿಯೂತ ಜಾಸ್ತಿ ಅಂದ್ರೆ ಕೆಟ್ಟದ್ದು, ಕಮ್ಮಿ ಅಂದ್ರೆ ಒಳ್ಳೇದು ಅಂತ ನೇರ ಗೆರೆ ಎಳೆಯೋರನ್ನ ನಂಬಬೇಡಿ.

ಎಲ್ಲರಲ್ಲೂ ಇಲ್ಲ ಅಂದ್ರೆ ಯಾರಲ್ಲಿ ಇದೆ ಅಂತ ಬೇರ್ಪಡಿಸಕ್ಕೆ ಆಗತ್ತಾ?

ತೀರಿಹೋದವರ ಮೆದುಳಿನ ಅಂಗಾಂಶದಲ್ಲಿ ಆಗಿದೆ. ಆಸ್ಟ್ರೇಲಿಯಾದ ಸಿಂಡಿ ಶಾನನ್ ವೈಕರ್ಟ್ ತಂಡ 2013ರಲ್ಲಿ ಮುಂಭಾಗದ ಮೆದುಳಲ್ಲಿ ಉರಿಯೂತದ ಜೀನ್‌ಗಳನ್ನ ಅಳೆದಾಗ ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಸುಮಾರು ಶೇ. 40 ಜನ ಜಾಸ್ತಿ ಉರಿಯೂತದ ಗುಂಪಿಗೆ ಸೇರಿದ್ರು, ಉಳಿದವರು ಆರೋಗ್ಯವಂತರ ಹಾಗೇ ಇದ್ರು. ಬದುಕಿರೋರಲ್ಲಿ ಅಷ್ಟು ಸ್ಪಷ್ಟವಾಗಿ ಬೇರ್ಪಡಿಸೋ ಟೆಸ್ಟ್ ಇನ್ನೂ ಇಲ್ಲ. ಮೇಲೆ ಹೇಳಿದ ಟ್ರಯಲ್‌ಗಳು ಸೋತಿದ್ದಕ್ಕೂ ಇದೇ ಕಾರಣ ಇರಬಹುದು ಅಂತ ನನ್ನ ಅನಿಸಿಕೆ: ಉರಿಯೂತ ಇರೋರು ಇಲ್ಲದೋರು ಎಲ್ಲರನ್ನೂ ಕಲಸಿ ಒಂದೇ ಔಷಧಿ ಕೊಟ್ರೆ ಸರಾಸರಿಯಲ್ಲಿ ಏನೂ ಕಾಣಲ್ಲ. ಮುಂದಿನ ಟ್ರಯಲ್‌ಗಳಾದ್ರೂ ಮೊದಲು ಬೇರ್ಪಡಿಸಿ ಆಮೇಲೆ ಔಷಧಿ ಕೊಡಬೇಕು.

ಬೋನ್ ಮ್ಯಾರೋ ಹಾಕಿದ್ರೆ ಸ್ಕಿಜೋಫ್ರೇನಿಯಾ ವಾಸಿ ಆಯ್ತಂತೆ, ನಿಜಾನಾ?

ಜಪಾನ್‌ನಿಂದ 2017ರಲ್ಲಿ ಒಂದು ವರದಿ ಬಂತು, ಯಾವ ಮಾತ್ರೆಗೂ ಬಗ್ಗದ ಸ್ಕಿಜೋಫ್ರೇನಿಯಾ ಇದ್ದ ಯುವಕನಿಗೆ ರಕ್ತದ ಕ್ಯಾನ್ಸರ್ ಬಂದು ಅದಕ್ಕೆ ಮ್ಯಾರೋ (ರಕ್ಷಣಾ ಕೋಶಗಳು ತಯಾರಾಗೋ ಮೂಳೆಮಜ್ಜೆ) ಬದಲಿಸಿದ್ರು, ಕಾಯಿಲೆಯ ಲಕ್ಷಣನೂ ಹೋಯ್ತು. ಅದಕ್ಕೂ ಮುಂಚೆ ನೆದರ್ಲೆಂಡ್ಸ್‌ನಿಂದ ಉಲ್ಟಾ ವರದಿ ಇತ್ತು, ಸ್ಕಿಜೋಫ್ರೇನಿಯಾ ಇದ್ದ ಅಣ್ಣತಮ್ಮನ ಮ್ಯಾರೋ ಪಡೆದ ಒಬ್ಬರಿಗೆ ಆಮೇಲೆ ಸೈಕೋಸಿಸ್ ಶುರುವಾಯ್ತು ಅಂತ. ಒಬ್ಬೊಬ್ಬರ ಕಥೆ ಇವು, ಇದರಿಂದ ಯೋಚನೆಗೆ ದಾರಿ ಸಿಗತ್ತೆ, ಚಿಕಿತ್ಸೆಗೆ ಸಿಗಲ್ಲ. ಮ್ಯಾರೋ ಬದಲಿಸೋದರಲ್ಲೇ ಸಾಯೋರು ಇದ್ದಾರೆ, ಸ್ಕಿಜೋಫ್ರೇನಿಯಾಗೆ ಅಂತ ಅದನ್ನ ಮಾಡಲ್ಲ.

ನಮ್ಮ ಕಡೆ ಇದರ ಬಗ್ಗೆ ರಿಸರ್ಚ್ ನಡೀತಿದ್ಯಾ, ನಾವು ಸೇರ್ಕೋಬಹುದಾ?

ನಡೀತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊನೋಜಿತ್ ದೇಬ್‌ನಾಥ್, ಗಣೇಶನ್ ವೆಂಕಟಸುಬ್ರಮಣಿಯನ್ ಥರದವರು ಸ್ಕಿಜೋಫ್ರೇನಿಯಾದಲ್ಲಿ ಸೈಟೊಕೈನ್, ರೋಗನಿರೋಧಕ ಜೀನ್‌ಗಳ ಬಗ್ಗೆ ವರ್ಷಗಳಿಂದ ಕೆಲಸ ಮಾಡಿದ್ದಾರೆ. ನಿಮ್ಹಾನ್ಸ್‌ನವರೇ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲೂಕಲ್ಲಿ ಊರೂರಲ್ಲಿ ಸ್ಕಿಜೋಫ್ರೇನಿಯಾ ಇರೋರನ್ನ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಜೊತೆ ಇದ್ದು ಬರೆದಿಟ್ಟ ಕೆಲಸ ಉರಿಯೂತಕ್ಕೆ ಸಂಬಂಧಪಟ್ಟಿದ್ದಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಹಳ್ಳಿಯಲ್ಲಿದ್ದು ಮಾತ್ರೆ ಸಿಕ್ಕಿದ್ರೆ ಜನ ಎಷ್ಟು ಸುಧಾರಿಸ್ತಾರೆ ಅಂತ ಅದು ತೋರಿಸಿದೆ.

ಸೇರಬೇಕು ಅಂದ್ರೆ ನಿಮ್ಮ ಡಾಕ್ಟರ್ ಹತ್ರ ಕೇಳಿ. ಭಾರತದಲ್ಲಿ ಔಷಧಿ ಟ್ರಯಲ್‌ಗಳು ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿಯಲ್ಲಿ ದಾಖಲಾಗಿರ್ಬೇಕು, ನಂಬರ್ ಕೇಳಿ ಹುಡುಕಿ ನೋಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅಂತ ಕೇಳೋ ಹಕ್ಕು ನಿಮಗಿದೆ, ಕೂತು ಓದಿ, ಸಹಿ ಮಾಡೋಕೆ ಮುಂಚೆ ಮನೆಗೆ ತಗೊಂಡು ಹೋಗ್ತೀನಿ ಅನ್ನಿ. ರಕ್ತ ಎಷ್ಟು ಸಲ ತೆಗೀತಾರೆ, ಈಗಿನ ಮಾತ್ರೆ ಮುಂದುವರಿಯತ್ತಾ, ತೊಂದರೆ ಆದ್ರೆ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡ್ಬೇಕು, ಮಧ್ಯ ಬಿಟ್ರೆ ಮಾಮೂಲಿ ಚಿಕಿತ್ಸೆ ನಿಲ್ಲಲ್ವಾ ಅಂತ ಕೇಳಿ ಬರೆಸ್ಕೊಳ್ಳಿ. ಎಲ್ಲಕ್ಕಿಂತ ಮೊದಲು ಅವನನ್ನೇ, ಅವಳನ್ನೇ ಕೇಳಿ ಇಷ್ಟ ಇದ್ಯಾ ಅಂತ, ರಕ್ತ ಅವರದ್ದು.